ಗಾಜು ಮಬ್ಬಾದರೆ ಎಸಿನಾ, ಹೀಟರಾ, ಕಿಟಕಿನಾ?

ಜುಲೈ ತಿಂಗಳು, ಕೊಟ್ಟಿಗೆಹಾರ. ನೀರ್ ದೋಸೆ ತಿಂದು, ಕಾಫಿ ಕುಡಿದು, ಅರ್ಧಂಬರ್ಧ ನೆನೆದುಕೊಂಡು ಐದು ಜನ ಕಾರು ಹತ್ತಿದೆವು. ಎರಡು ಒದ್ದೆ ಕೊಡೆ, ಒಂದು ಒದ್ದೆ ಜರ್ಕಿನ್, ಐದು ಜೊತೆ ಒದ್ದೆ ಚಪ್ಪಲಿ. ಬಾಗಿಲು ಹಾಕಿ ಎರಡು ನಿಮಿಷ ಆಗಿರಲಿಲ್ಲ, ಮುಂದಿನ ಗಾಜು ಸುಣ್ಣ ಬಳಿದ ಹಾಗೆ ಬೆಳ್ಳಗಾಯಿತು. ಎದುರಿಗೆ ಚಾರ್ಮಾಡಿ ಘಾಟಿ. ಹಿಂದಿನ ಸೀಟಿನಿಂದ ಚಿಕ್ಕಪ್ಪ "ಹೀಟರ್ ಹಾಕೋ ಮಾರಾಯ" ಅಂದರು. ಪಕ್ಕದಲ್ಲಿದ್ದ ಬಾವ "ಹೀಟರ್ ಅಲ್ಲ, ಎಸಿ ಹಾಕ್ಬೇಕು" ಅಂದರು. ಅತ್ತೆ ಏನೂ ಹೇಳಲಿಲ್ಲ, ಸುಮ್ನೆ ಕಿಟಕಿ ಇಳಿಸಿದರು. ಗಾಜು ಸ್ವಲ್ಪ ತಿಳಿಯಾಯಿತು, ಅವರ ಸೀರೆ ಪೂರ್ತಿ ನೆನೆಯಿತು.

ತಮಾಷೆ ಅಂದರೆ ಮೂವರೂ ಹೇಳಿದ್ದು ಸರಿ. ಆದರೆ ಮೂರೂ ಒಂದೇ ಜಾಗಕ್ಕೆ ಸರಿಯಲ್ಲ. ಅವತ್ತು ಬಾವನ ಮಾತು ಕೇಳಿ ಎಸಿ ಹಾಕಿ ಘಾಟಿ ಇಳಿದೆ, ಗಾಜು ಚೆನ್ನಾಗಿಯೇ ಇತ್ತು. ಉಜಿರೆ ಹತ್ತಿರ ಬರುತ್ತಿದ್ದ ಹಾಗೆ ಮತ್ತೆ ಮಬ್ಬು. ಎಸಿ ಇನ್ನೂ ಜೋರು ಮಾಡಿದೆ, ಮಬ್ಬೂ ಜಾಸ್ತಿ ಆಯಿತು. ಘಾಟಿಯ ಮೇಲೆ ಕಾಪಾಡಿದ ಬಟನ್ನೇ ಕೆಳಗೆ ಬಂದಾಗ ಕೈ ಕೊಟ್ಟಿತ್ತು. ಯಾಕೆ ಹಾಗಾಯಿತು ಅಂತ ಅರ್ಥ ಆದರೆ ಯಾವಾಗ ಯಾವುದನ್ನು ಹಾಕಬೇಕು ಅನ್ನುವುದು ಬಾಯಿಪಾಠ ಮಾಡುವ ವಿಷಯವೇ ಅಲ್ಲ. ಕಾರು ಕೊಳ್ಳುವಾಗ ಯಾವ ವೇರಿಯಂಟಿಗೆ ದುಡ್ಡು ಹಾಕಬೇಕು ಅನ್ನುವುದಕ್ಕೂ ಇದೇ ಲೆಕ್ಕ.

ಮೊದಲು ವೈಪರ್ ಒಮ್ಮೆ ಓಡಿಸಿ

ಯಾವ ಬಟನ್ನಿಗೂ ಕೈ ಹಾಕುವ ಮುಂಚೆ ಇದೊಂದು ಮಾಡಿ. ವೈಪರ್ ಓಡಿದಾಗ ಮಬ್ಬು ಹೋದರೆ ಮಂಜು ಗಾಜಿನ ಹೊರಗಿದೆ. ಹೋಗದಿದ್ದರೆ ಒಳಗಿದೆ. ಅನುಮಾನ ಇದ್ದರೆ ಬೆರಳ ತುದಿಯಿಂದ ಗಾಜಿನ ಮೂಲೆಯಲ್ಲಿ ಒಂದು ಗೆರೆ ಎಳೆದು ನೋಡಿ. ಪೂರ್ತಿ ಅಂಗೈ ಹಾಕಿ ಉಜ್ಜಬೇಡಿ. ಕೈಯ ಜಿಡ್ಡು ಗಾಜಿಗೆ ಹತ್ತಿ, ರಾತ್ರಿ ಎದುರಿನ ಗಾಡಿಯ ಲೈಟು ಬಿದ್ದಾಗ ಅಲ್ಲೆಲ್ಲ ಹೊಳೆದು ಇನ್ನೂ ಕಷ್ಟ.

ಒಳಗೋ ಹೊರಗೋ ಅನ್ನುವುದು ಯಾಕೆ ಮುಖ್ಯ ಅಂದರೆ, ಮಂಜು ಕೂರುವುದು ಯಾವಾಗಲೂ ಬೆಚ್ಚಗಿರುವ, ತೇವ ಜಾಸ್ತಿ ಇರುವ ಗಾಳಿಯ ಕಡೆ. ಫ್ರಿಜ್ಜಿನಿಂದ ತೆಗೆದಿಟ್ಟ ಚೊಂಬು ಹೊರಗಡೆ ಬೆವರುತ್ತದಲ್ಲ, ಹಾಗೆ. ಗಾಳಿ ಬೆಚ್ಚಗಿದ್ದಷ್ಟೂ ಜಾಸ್ತಿ ನೀರಾವಿ ಹಿಡಿದುಕೊಳ್ಳುತ್ತದೆ. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರನ್ನು ಆವಿಯಾಗಿ ಇಟ್ಟುಕೊಳ್ಳಬಲ್ಲದು, 20 ಡಿಗ್ರಿಯಲ್ಲಿ 17 ಗ್ರಾಂ, 10 ಡಿಗ್ರಿಗೆ ಬಂದರೆ 9 ಗ್ರಾಂ ಅಷ್ಟೇ. ಆ ಗಾಳಿ ತಣ್ಣನೆಯ ಗಾಜಿಗೆ ತಾಗಿದ ಕೂಡಲೇ ಹಿಡಿಯಲಾಗದ ನೀರನ್ನು ಅಲ್ಲೇ ಬಿಟ್ಟುಬಿಡುತ್ತದೆ.

ಕಾರಿನ ಒಳಗೆ ಇರುವುದು ಹೆಚ್ಚೆಂದರೆ ಮೂರ್ನಾಲ್ಕು ಘನ ಮೀಟರ್ ಗಾಳಿ. ಸುಮ್ನೆ ಕೂತ ಮನುಷ್ಯ ಉಸಿರು ಮತ್ತು ಮೈಯಿಂದ ಗಂಟೆಗೆ 30-40 ಗ್ರಾಂ ನೀರು ಬಿಡುತ್ತಾನೆ. ಐದು ಜನ ಅಂದರೆ ಗಂಟೆಗೆ ಒಂದು ಲೋಟ. ಕೊಡೆ, ಚಪ್ಪಲಿ, ಮ್ಯಾಟ್ ಮೇಲಿನ ಕೆಸರು ಎಲ್ಲ ಇದರ ಮೇಲೆ. ಇಷ್ಟು ನೀರನ್ನು ಕಾರಿನಿಂದ ಹೊರಗೆ ಸಾಗಿಸಬೇಕು, ಇಲ್ಲ ಅಂದರೆ ಗಾಜನ್ನು ಬೆಚ್ಚಗೆ ಇಡಬೇಕು. ಗಾಜಿನ ಮಬ್ಬು ತೆಗೆಯುವ ವ್ಯವಸ್ಥೆ, ಅಂದರೆ ಡಿಫಾಗರ್, ಮಾಡುವುದು ಇವೆರಡೇ ಕೆಲಸ.

ಡ್ಯಾಶ್‌ಬೋರ್ಡ್ ಹಿಂದೆ ಏನಿದೆ

ಡ್ಯಾಶ್‌ಬೋರ್ಡ್ ಹಿಂದೆ ಒಂದು ದೊಡ್ಡ ಪ್ಲಾಸ್ಟಿಕ್ ಡಬ್ಬಿ ಇದೆ ಅಂದುಕೊಳ್ಳಿ. ಗಾಳಿ ಅದರೊಳಗೆ ಎರಡು ದಾರಿಯಿಂದ ಬರಬಹುದು. ಒಂದು, ವೈಪರ್ ಬುಡದಲ್ಲಿರುವ ಜಾಲರಿಯಿಂದ, ಅಂದರೆ ಹೊರಗಿನ ಗಾಳಿ. ಇನ್ನೊಂದು, ಕಾರಿನ ಒಳಗಿನದೇ ಗಾಳಿ ಸುತ್ತಿ ಸುತ್ತಿ ಬರುವುದು. ಕಾರಿನ ಚಿತ್ರದೊಳಗೆ ಬಾಣ ಸುತ್ತುವ ಗುರುತು ಇರುವ ಬಟನ್ ಇದನ್ನು ಬದಲಾಯಿಸುತ್ತದೆ. ಬ್ಲೋವರ್ ಅನ್ನುವ ಫ್ಯಾನು ಆ ಗಾಳಿಯನ್ನು ಎಳೆದು ಫಿಲ್ಟರ್ ಮೂಲಕ ಒಳಗೆ ತಳ್ಳುತ್ತದೆ.

ಮೊದಲು ಸಿಗುವುದು ಎಸಿಯ ಕೂಲಿಂಗ್ ಕಾಯಿಲ್. ಎಸಿ ಹಾಕಿದಾಗ ಇದು ಸೊನ್ನೆಗಿಂತ ನಾಲ್ಕೈದು ಡಿಗ್ರಿ ಮೇಲೆ ಇರುತ್ತದೆ. ಗಾಳಿಯಲ್ಲಿದ್ದ ನೀರು ಈ ಕಾಯಿಲ್ ಮೇಲೆ ಹನಿಯಾಗಿ ಕೂತು, ಸಣ್ಣ ಪೈಪಿನಲ್ಲಿ ಇಳಿದು ಕಾರಿನ ಕೆಳಗೆ ತೊಟ್ಟಿಕ್ಕುತ್ತದೆ. ನಿಲ್ಲಿಸಿದ ಕಾರಿನ ಕೆಳಗೆ ನೀರು ಕಂಡು "ಲೀಕ್ ಆಗ್ತಿದೆ" ಅಂತ ಹೆದರುತ್ತೀರಲ್ಲ, ಅದೇ ನೀರು. ಐದು ಜನರ ಉಸಿರು ಹಾಗೆ ರಸ್ತೆಗೆ ಹೋಗುತ್ತದೆ.

ಅದರ ನಂತರ ಸಿಗುವುದು ಹೀಟರ್ ಕೋರ್. ಇದೊಂದು ಪುಟ್ಟ ರೇಡಿಯೇಟರ್. ಎಂಜಿನ್ನನ್ನು ತಣ್ಣಗಿಡಲು ಅದರ ಸುತ್ತ ಹರಿದು ಬಿಸಿಯಾದ ಕೂಲೆಂಟ್ ಅನ್ನುವ ದ್ರವ ಇದರೊಳಗೆ ಹರಿಯುತ್ತದೆ, ಸುಮಾರು 90 ಡಿಗ್ರಿಯಲ್ಲಿ. ಪೆಟ್ರೋಲಿನಲ್ಲಿರುವ ಶಕ್ತಿಯ ಹೆಚ್ಚು ಕಡಿಮೆ ಮೂರನೇ ಒಂದು ಪಾಲು ಹೇಗೂ ಈ ಕೂಲೆಂಟಿಗೆ ಹೋಗಿ, ರೇಡಿಯೇಟರ್ ಮೂಲಕ ಗಾಳಿಪಾಲಾಗುತ್ತದೆ. ಅದರಲ್ಲಿ ಸ್ವಲ್ಪ ನಾವು ಕದಿಯುತ್ತೇವೆ, ಅಷ್ಟೇ. ಹೀಟರ್ ಹಾಕಿದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ ಅನ್ನುವ ಮಾತಿನಲ್ಲಿ ಹುರುಳಿಲ್ಲ. ಫ್ಯಾನು ತಿರುಗುವ ಖರ್ಚು ಬಿಟ್ಟರೆ ಅದು ಪುಕ್ಕಟೆ. ಪೆಟ್ರೋಲ್ ಕುಡಿಯುವುದು ಎಸಿ, ಯಾಕಂದರೆ ಅದರ ಕಂಪ್ರೆಸರ್ ಅನ್ನು ಎಂಜಿನ್ನೇ ತಿರುಗಿಸಬೇಕು.

ನೀಲಿ-ಕೆಂಪು ನಾಬ್ ಇದೆಯಲ್ಲ, ಅದು ಬಹುತೇಕ ಕಾರುಗಳಲ್ಲಿ ಒಂದು ಬಾಗಿಲನ್ನು ಅಲ್ಲಾಡಿಸುತ್ತದೆ. ನೀಲಿ ಕಡೆ ತಿರುಗಿಸಿದರೆ ಗಾಳಿ ಹೀಟರ್ ಕೋರನ್ನು ಬಳಸಿ ಹೋಗುತ್ತದೆ, ಕೆಂಪು ಕಡೆ ತಿರುಗಿಸಿದರೆ ಅದರ ಮೂಲಕ ಹಾದು ಬರುತ್ತದೆ, ಮಧ್ಯದಲ್ಲಿಟ್ಟರೆ ಸ್ವಲ್ಪ ಹಾಗೆ, ಸ್ವಲ್ಪ ಹೀಗೆ. ಆಮೇಲೆ ಇನ್ನಷ್ಟು ಬಾಗಿಲುಗಳು, ಗಾಜಿಗೆ, ಮುಖಕ್ಕೆ, ಕಾಲಿಗೆ.

ಈ ಸಾಲಿನಲ್ಲಿ ಗಮನಿಸಬೇಕಾದ್ದು ಏನು ಗೊತ್ತಾ? ಮೊದಲು ತಣ್ಣಗಾಗುತ್ತದೆ, ಆಮೇಲೆ ಬಿಸಿಯಾಗುತ್ತದೆ. ಎಸಿ, ಹೀಟರ್ ಎರಡೂ ಒಟ್ಟಿಗೆ ಹಾಕಿದರೆ ಒಂದಕ್ಕೊಂದು ಗುದ್ದಾಡುತ್ತವೆ ಅಂತ ತುಂಬಾ ಜನ ನಂಬಿದ್ದಾರೆ. ಗುದ್ದಾಡುವುದಿಲ್ಲ. ಒದ್ದೆ ಬಟ್ಟೆಯನ್ನು ಮೊದಲು ಹಿಂಡಿ ಆಮೇಲೆ ಬಿಸಿಲಿಗೆ ಹಾಕಿದ ಹಾಗೆ ಅದು. 20 ಡಿಗ್ರಿಯ ಮಳೆಗಾಳಿ ಕಾಯಿಲ್ ಮೇಲೆ 5 ಡಿಗ್ರಿಗೆ ಇಳಿದರೆ ಅದರಲ್ಲಿದ್ದ 17 ಗ್ರಾಂ ನೀರಿನಲ್ಲಿ 10 ಗ್ರಾಂ ಅಲ್ಲೇ ಉಳಿಯುತ್ತದೆ. ಮಿಕ್ಕ 7 ಗ್ರಾಮಿನ ಗಾಳಿಯನ್ನು ಮತ್ತೆ 25 ಡಿಗ್ರಿಗೆ ಬಿಸಿ ಮಾಡಿದರೆ ಅದಕ್ಕೆ ಇನ್ನೂ 16 ಗ್ರಾಂ ನೀರು ಹೀರುವಷ್ಟು ಜಾಗ ಇರುತ್ತದೆ. ಅಂಥ ಗಾಳಿ ಗಾಜಿನ ಮೇಲೆ ಹರಿದರೆ ಮಬ್ಬು ಉಳಿಯುವುದಾದರೂ ಹೇಗೆ?

ಹಾಗಾದರೆ ಯಾವುದು ಹಾಕಬೇಕು

ಕಿಟಕಿ. ಅತ್ತೆಯ ದಾರಿ. ಇದಕ್ಕೆ ಖರ್ಚಿಲ್ಲ, ಕೆಡುವುದೂ ಇಲ್ಲ. ಹೊರಗೆ ಮಳೆ ಬರುತ್ತಿದ್ದರೂ ಇದು ಕೆಲಸ ಮಾಡುತ್ತದೆ, ಯಾಕಂದರೆ ಹೊರಗಿನ ಗಾಳಿ ತೇವ ಇದ್ದರೂ ತಣ್ಣಗಿದೆ, ಒಳಗೆ ಬಂದು ನಮ್ಮ ಮೈಬಿಸಿಗೆ ಸ್ವಲ್ಪ ಬೆಚ್ಚಗಾದ ಕೂಡಲೇ ಅದಕ್ಕೆ ನೀರು ಹಿಡಿಯುವ ಜಾಗ ಸಿಗುತ್ತದೆ. ಪೂರ್ತಿ ಇಳಿಸುವುದು ಬೇಡ. ಎದುರುಬದುರು ಎರಡು ಕಿಟಕಿಗಳನ್ನು ಎರಡು ಬೆರಳಿನಷ್ಟು ಇಳಿಸಿದರೆ ಸಾಕು, ರೈನ್ ವೈಸರ್ ಇದ್ದರೆ ನೆನೆಯುವುದೂ ಇಲ್ಲ. ಎಸಿ ಇಲ್ಲದ ಹಳೆಯ ಗಾಡಿಗೆ ಇದೇ ಗತಿ. ಎಸಿ ಇದ್ದವರಿಗೂ ಮೊದಲ ಅರ್ಧ ನಿಮಿಷಕ್ಕೆ ಇದರಷ್ಟು ಬೇಗ ಬೇರೆ ಯಾವುದೂ ಇಲ್ಲ.

ಹೀಟರ್ ಮಾತ್ರ. ಚಿಕ್ಕಪ್ಪನ ದಾರಿ. ಮಳೆಗಾಲದ ಮಲೆನಾಡಿನಲ್ಲಿ ಇದರ ಒಂದು ತೊಂದರೆ ಏನಂದರೆ ಮೊದಲು ಕೆಲಸ ಕೆಡಿಸಿ ಆಮೇಲೆ ಸರಿ ಮಾಡುತ್ತದೆ. ಬಿಸಿಗಾಳಿ ಬಂದ ಕೂಡಲೇ ಮ್ಯಾಟ್, ಕೊಡೆ, ಜರ್ಕಿನ್ ಎಲ್ಲ ಆವಿ ಬಿಡುವುದಕ್ಕೆ ಶುರು ಮಾಡುತ್ತವೆ, ಗಾಜು ಇನ್ನೂ ತಣ್ಣಗೇ ಇರುತ್ತದೆ, ಮಬ್ಬು ಜಾಸ್ತಿಯಾಗುತ್ತದೆ. ಗಾಜು ಬಿಸಿಯಾದ ಮೇಲಷ್ಟೇ ತಿಳಿ. ಜೊತೆಗೆ ಎಂಜಿನ್ ಬಿಸಿಯಾಗುವ ತನಕ ಹೀಟರಿನಿಂದ ಬರುವುದು ತಣ್ಣನೆಯ ಗಾಳಿಯೇ. ಬೆಳಗ್ಗೆ ಮಡಿಕೇರಿಯಲ್ಲಿ ಸ್ಟಾರ್ಟ್ ಮಾಡಿದರೆ ನಾಲ್ಕೈದು ನಿಮಿಷ ಕಾಯಬೇಕು, ಡೀಸೆಲ್ ಗಾಡಿಯಾದರೆ ಇನ್ನೂ ನಿಧಾನ. ಎಸಿ ಗ್ಯಾಸ್ ಖಾಲಿಯಾಗಿದೆ, ಕಂಪ್ರೆಸರ್ ಕೆಟ್ಟಿದೆ ಅಂದಾಗ ಇದು ಉಪಯೋಗಕ್ಕೆ ಬರುತ್ತದೆ. ಆಗ ಹೊರಗಿನ ಗಾಳಿಯ ಮೇಲೇ ಇಡಿ, ಕಿಟಕಿ ಒಂದು ಬೆರಳು ಇಳಿಸಿ.

ಎಸಿ ಮಾತ್ರ, ನೀಲಿ ಕಡೆ. ಬಾವನ ದಾರಿ. ಎಂಜಿನ್ ಬಿಸಿಯಾಗಲಿ ಬಿಡಲಿ, ಅರ್ಧ ನಿಮಿಷದಲ್ಲಿ ಒಣಗಾಳಿ ಸಿಗುತ್ತದೆ. ಅದಕ್ಕೇ ನಮ್ಮ ಕಡೆ ಜನ ಇದನ್ನೇ ನಂಬುವುದು. ಆದರೆ ಹಿಂದೆ ಕೂತ ಮಕ್ಕಳು, ಮುದುಕರು ಚಳಿಯಿಂದ ನಡುಗುತ್ತಾರೆ, ಗಾಜು ಕೂಡ ಬರಬರುತ್ತಾ ಮಂಜುಗಡ್ಡೆಯ ಹಾಗೆ ತಣ್ಣಗಾಗುತ್ತದೆ. ಅದರ ಪರಿಣಾಮ ಉಜಿರೆಯಲ್ಲಿ ಗೊತ್ತಾಗುತ್ತದೆ.

ಎರಡೂ ಒಟ್ಟಿಗೆ. ಘಾಟಿಯ ಮೇಲೆ ನನ್ನ ಆಯ್ಕೆ ಇದೇ. ಎಸಿ ಆನ್, ನಾಬ್ ಕೆಂಪು ಕಡೆ ಅರ್ಧಕ್ಕಿಂತ ಸ್ವಲ್ಪ ಮುಂದೆ, ಗಾಳಿ ಗಾಜಿನ ಕಡೆಗೆ, ಬ್ಲೋವರ್ ಮೂರರಲ್ಲಿ, ಹೊರಗಿನ ಗಾಳಿ. ಒಂದೆರಡು ನಿಮಿಷದಲ್ಲಿ ಗಾಜು ತಿಳಿಯಾಗುತ್ತದೆ, ಯಾರೂ ನಡುಗುವುದೂ ಇಲ್ಲ. ತಿಳಿಯಾದ ಮೇಲೆ ಬ್ಲೋವರ್ ಒಂದಕ್ಕೆ ಇಳಿಸಿ, ಆದರೆ ಎಸಿ ಆರಿಸಬೇಡಿ.

ಈ "ಆರಿಸಬೇಡಿ" ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಘಾಟಿಯಲ್ಲಿ ನಾನು ಕಂಡ ಅತಿ ಅಪಾಯದ ತಪ್ಪು ಇದು. ಗಾಜು ತಿಳಿಯಾಯಿತಲ್ಲ, ಚಳಿ ಆಗ್ತಿದೆ, ಇನ್ಯಾಕೆ ಎಸಿ ಅಂತ ಪಕ್ಕದವರು ಬಟನ್ ಒತ್ತಿಬಿಡುತ್ತಾರೆ. ಕಂಪ್ರೆಸರ್ ನಿಲ್ಲುತ್ತದೆ, ಫ್ಯಾನು ತಿರುಗುತ್ತಲೇ ಇರುತ್ತದೆ. ಕಾಯಿಲ್ ಮೇಲೆ ಅಷ್ಟು ಹೊತ್ತು ಕೂತಿದ್ದ ನೀರೆಲ್ಲ ಈಗ ವಾಪಸ್ ಆವಿಯಾಗಿ, ನೇರವಾಗಿ ಆ ತಣ್ಣನೆಯ ಗಾಜಿಗೇ ಹೊಡೆಯುತ್ತದೆ. ನಾಲ್ಕೈದು ಸೆಕೆಂಡಿನಲ್ಲಿ ಎದುರಿಗೆ ಬಿಳಿ ಪರದೆ. ತಿರುವಿನ ಮಧ್ಯದಲ್ಲಿ, ಎದುರಿಗೆ ಬಸ್ಸು ಬರುತ್ತಿರುವಾಗ ಇದು ಆಗಬೇಕಾ? ಚಳಿ ಆದರೆ ನಾಬ್ ಕೆಂಪು ಕಡೆ ತಿರುಗಿಸಿ, ಎಸಿ ಹಾಗೇ ಇರಲಿ.

ಒಳಗಿನ ಗಾಳಿ ಸುತ್ತುವ ಬಟನ್ ಬಗ್ಗೆ ಒಂದೇ ಮಾತು. ಮಬ್ಬಿನ ಹೊತ್ತಿಗೆ ಅದು ಶತ್ರು. ಬೆಂಗಳೂರಿನಲ್ಲಿ ಸಿಲ್ಕ್ ಬೋರ್ಡ್ ಹೊಗೆಗೆ ಹೆದರಿ ಅದನ್ನು ಒತ್ತಿರುತ್ತೇವೆ, ಸಕಲೇಶಪುರ ದಾಟಿದರೂ ಅದು ಹಾಗೇ ಇರುತ್ತದೆ. ಗಾಜು ಪದೇ ಪದೇ ಮಬ್ಬಾಗುತ್ತಿದೆ ಅಂತ ದೂರುವವರ ಕಾರಿನಲ್ಲಿ ನಾನು ಮೊದಲು ನೋಡುವುದೇ ಆ ಬಟನ್ನಿನ ದೀಪ ಉರಿಯುತ್ತಿದೆಯಾ ಅಂತ.

ಉಜಿರೆಯಲ್ಲಿ ಎಲ್ಲ ಉಲ್ಟಾ

ಘಾಟಿ ಇಳಿದಾಗ ಹೊರಗಿನ ಗಾಳಿ ಬದಲಾಗುತ್ತದೆ. ಮೇಲೆ 18-19 ಡಿಗ್ರಿ ಇದ್ದದ್ದು ಕೆಳಗೆ 25-26 ಆಗುತ್ತದೆ, ತೇವವೂ ಜಾಸ್ತಿ. ಅರ್ಧ ಗಂಟೆಯಿಂದ ಎಸಿ ಗಾಳಿ ತಿಂದು ತಿಂದು ಗಾಜು ತಣ್ಣಗಾಗಿದೆ. ಈಗ ಬೆಚ್ಚಗಿರುವ, ಒದ್ದೆಯಾಗಿರುವ ಗಾಳಿ ಹೊರಗಿದೆ. ಅಂದಮೇಲೆ ಮಂಜು ಕೂರುವುದೂ ಹೊರಗೇ. ಎಸಿ ಜೋರು ಮಾಡಿದಷ್ಟೂ ಗಾಜು ಇನ್ನೂ ತಣ್ಣಗಾಗಿ ಮಂಜು ಇನ್ನೂ ದಪ್ಪ ಆಗುತ್ತದೆ. ಅವತ್ತು ನಾನು ಮಾಡಿದ್ದು ಇದೇ. ಒಳಗಡೆಯಿಂದ ಬಟ್ಟೆ ಹಿಡಿದು ಒರೆಸಿದ್ದೂ ಒರೆಸಿದ್ದೇ, ಏನೂ ಆಗಲಿಲ್ಲ. ಕೊನೆಗೆ ಒಂದು ಅಂಗಡಿ ಮುಂದೆ ಗಾಡಿ ನಿಲ್ಲಿಸಿ ಇಳಿದು ನೋಡಿದೆ. ಗಾಜಿನ ಕೆಳಭಾಗದಲ್ಲಿ, ಡ್ಯಾಶ್‌ಬೋರ್ಡಿನ ಕಿಂಡಿಗಳಿಂದ ತಣ್ಣನೆ ಗಾಳಿ ಬಡಿಯುವ ಜಾಗದಲ್ಲಿ, ಬೀಸಣಿಗೆ ಆಕಾರದಲ್ಲಿ ಎರಡು ಬಿಳಿ ಮಚ್ಚೆ. ಬೆರಳಿಟ್ಟರೆ ನೀರು ಹರಿಯಿತು. ಮೇಲ್ಭಾಗ ಪೂರ್ತಿ ತಿಳಿ.

ಕರಾವಳಿಯಲ್ಲಿ ಇರುವವರಿಗೆ ಈ ಬೀಸಣಿಗೆ ಮಚ್ಚೆ ಗೊತ್ತೇ ಇರುತ್ತದೆ. ಮಂಗಳೂರು, ಉಡುಪಿ ಕಡೆ ಮಳೆಗಾಲದ ರಾತ್ರಿ ಇದು ದಿನಾ ಇದ್ದದ್ದೇ. ಇದಕ್ಕೆ ಮಾಡಬೇಕಾದ್ದು ಇಷ್ಟು. ವೈಪರ್ ಒಮ್ಮೆ ಓಡಿಸಿ, ಗಾಳಿಯನ್ನು ಗಾಜಿನಿಂದ ಮುಖಕ್ಕೆ ಅಥವಾ ಕಾಲಿಗೆ ತಿರುಗಿಸಿ, ಎಸಿ 18ರಲ್ಲಿ ಇದ್ದರೆ 24-25ಕ್ಕೆ ಏರಿಸಿ. ಗಾಜಿನ ಚಳಿ ಬಿಟ್ಟ ಮೇಲೆ ಮಂಜು ತಾನಾಗಿ ಹೋಗುತ್ತದೆ. ನಾನು ಈಗ ಘಾಟಿ ಇಳಿಯುವಾಗ ಅರ್ಧ ದಾರಿಯಲ್ಲಿ, ಅಣ್ಣಪ್ಪ ಸ್ವಾಮಿ ಗುಡಿ ದಾಟಿದ ಮೇಲೆ, ಮುಂಚೆಯೇ ನಾಬ್ ಒಂದು ಗೆರೆ ಕೆಂಪು ಕಡೆ ತಿರುಗಿಸಿಬಿಡುತ್ತೇನೆ.

ಕಾರು ಕೊಳ್ಳುವಾಗ ಏನು ನೋಡಬೇಕು

ಹಿಂದಿನ ಗಾಜಿನ ಡಿಫಾಗರ್ ಬಗ್ಗೆ ಜನ ಯೋಚಿಸುವುದೇ ಇಲ್ಲ. ಹಿಂದಿನ ಗಾಜಿಗೆ ಗಾಳಿ ಹೋಗುವ ದಾರಿ ಇಲ್ಲ, ಆದ್ದರಿಂದ ಅಲ್ಲಿ ಬೇರೆ ಉಪಾಯ. ಗಾಜಿನ ಮೇಲೆ ಅಡ್ಡಡ್ಡ ಕಾಣುವ ತೆಳು ಗೆರೆಗಳು ಕರೆಂಟ್ ಹರಿಯುವ ತಂತಿಗಳಿದ್ದ ಹಾಗೆ, ಬೆಳ್ಳಿ ಬೆರೆತ ಪೇಸ್ಟನ್ನು ಗಾಜಿಗೆ ಹಚ್ಚಿ ಸುಟ್ಟು ಕೂರಿಸಿದ್ದು. ಹತ್ತು ಹದಿನೈದು ಆಂಪಿಯರ್ ಕರೆಂಟ್ ಎಳೆಯುತ್ತದೆ, ಅದಕ್ಕೇ ಬಹಳಷ್ಟು ಕಾರುಗಳಲ್ಲಿ ಹತ್ತು ಹದಿನೈದು ನಿಮಿಷಕ್ಕೆ ತಾನೇ ಆರುತ್ತದೆ. ಮಲೆನಾಡು, ಕೊಡಗು, ಕರಾವಳಿಯಲ್ಲಿ ಇರುವವರು, ಅಥವಾ ತಿಂಗಳಿಗೊಮ್ಮೆ ಊರಿಗೆ ಘಾಟಿ ಇಳಿಯುವವರು ಇದಿರುವ ವೇರಿಯಂಟನ್ನೇ ತೆಗೆದುಕೊಳ್ಳಿ. ಕೆಳಗಿನ ವೇರಿಯಂಟುಗಳಲ್ಲಿ ಎಷ್ಟೋ ಸಲ ಇದು ಇರುವುದಿಲ್ಲ, ಆಮೇಲೆ ಹಾಕಿಸುವುದು ರಗಳೆ. ಸನ್‌ರೂಫಿಗೆ ಕೊಡುವ ದುಡ್ಡಿನಲ್ಲಿ ಇದು ಬರುತ್ತದೆ ಅಂದರೆ ನಾನಂತೂ ಸನ್‌ರೂಫ್ ಬಿಡುತ್ತೇನೆ. ಮಳೆಯಲ್ಲಿ ಅದನ್ನು ತೆರೆದು ಏನು ಮಾಡುವುದು? ಚಿತ್ರದುರ್ಗ, ಬಳ್ಳಾರಿ, ರಾಯಚೂರಿನವರಿಗೆ ಈ ಗೆರೆಗಳಿಗಾಗಿ ಜಾಸ್ತಿ ದುಡ್ಡು ಕೊಡುವ ಅಗತ್ಯ ಕಾಣುವುದಿಲ್ಲ.

ಒಂದು ಎಚ್ಚರಿಕೆ. ಹಿಂದಿನ ಗಾಜಿನ ಸ್ಟಿಕ್ಕರ್ ಕೀಳಲು ಬ್ಲೇಡ್ ಹಾಕಬೇಡಿ. ಗೆರೆ ಎಲ್ಲಿ ತುಂಡಾಗುತ್ತದೋ ಆ ಸಾಲು ಪೂರ್ತಿ ಸತ್ತಂತೆ.

ಮಾಮೂಲಿ ನಾಬಾ, ಆಟೋಮ್ಯಾಟಿಕ್ ಕ್ಲೈಮೇಟ್ ಕಂಟ್ರೋಲಾ? ಆಟೋದಲ್ಲಿ ಮುಂದಿನ ಡಿಫಾಗರ್ ಬಟನ್ ಒಂದು ಒತ್ತಿದರೆ ಸಾಮಾನ್ಯವಾಗಿ ಎಸಿ ತಾನೇ ಆನ್ ಆಗುತ್ತದೆ, ಹೊರಗಿನ ಗಾಳಿಗೆ ತಿರುಗುತ್ತದೆ, ಬ್ಲೋವರ್ ಜೋರಾಗುತ್ತದೆ. ಇದೆಲ್ಲ ತಲೆಗೆ ಹಚ್ಚಿಕೊಳ್ಳಲು ಇಷ್ಟ ಇಲ್ಲದವರಿಗೆ ಒಳ್ಳೆಯದು. ಆದರೆ ಆಟೋಗೆ ಮಂಜು ಹೊರಗಿದೆಯೋ ಒಳಗಿದೆಯೋ ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಉಜಿರೆಯಲ್ಲಿ ಆ ಬಟನ್ ಒತ್ತಿ, ಟೆಂಪರೇಚರ್ ಕಡಿಮೆಯಲ್ಲೇ ಬಿಟ್ಟರೆ ಅದೂ ನನ್ನ ಹಾಗೇ ತಪ್ಪು ಮಾಡುತ್ತದೆ. ನನ್ನನ್ನು ಕೇಳಿದರೆ ಆಟೋನೋ ಮಾಮೂಲಿಯೋ ಅನ್ನುವುದಕ್ಕಿಂತ ಬಟನ್ ಕೈಗೆ ಸಿಗುತ್ತದೋ ಇಲ್ಲವೋ ಅನ್ನುವುದು ದೊಡ್ಡ ಪ್ರಶ್ನೆ. ಈಗಿನ ಕೆಲವು ಕಾರುಗಳಲ್ಲಿ ಎಲ್ಲವೂ ಟಚ್ ಸ್ಕ್ರೀನ್ ಒಳಗೆ. ತಿರುವಿನಲ್ಲಿ, ಎದುರಿಗೆ ಏನೂ ಕಾಣದಿರುವಾಗ, ಮೂರನೇ ಪುಟದಲ್ಲಿರುವ ಡಿಫಾಗರ್ ಚಿತ್ರ ಹುಡುಕುವುದು ಯಾರಿಗೆ ಬೇಕು? ಟೆಸ್ಟ್ ಡ್ರೈವಿಗೆ ಹೋದಾಗ ರಸ್ತೆಯಿಂದ ಕಣ್ಣು ತೆಗೆಯದೆ ಆ ಬಟನ್ ಮುಟ್ಟಲು ಆಗುತ್ತದಾ ನೋಡಿ.

ಇವಿ, ಅಂದರೆ ಬ್ಯಾಟರಿಯಲ್ಲಿ ಓಡುವ ಕಾರು ನೋಡುತ್ತಿರುವವರಿಗೆ. ಅಲ್ಲಿ ಬಿಸಿ ಎಂಜಿನ್ ಇಲ್ಲ, ಹೀಟರ್ ಪುಕ್ಕಟೆ ಅಲ್ಲ. ಒಂದು ಬಗೆಯಲ್ಲಿ ಪಿಟಿಸಿ ಹೀಟರ್ ಇರುತ್ತದೆ, ಮನೆಯ ಗೀಸರಿನ ಹಾಗೆ ಕರೆಂಟಿನಿಂದ ನೇರ ಬಿಸಿ, ಒಂದು ಯೂನಿಟ್ ಕರೆಂಟಿಗೆ ಒಂದು ಯೂನಿಟ್ ಬಿಸಿ. ಇನ್ನೊಂದು ಹೀಟ್ ಪಂಪ್, ಅಂದರೆ ಎಸಿಯನ್ನೇ ಉಲ್ಟಾ ಓಡಿಸಿ ಹೊರಗಿನ ಬಿಸಿಯನ್ನು ಒಳಗೆ ತರುವುದು. ಚಳಿ ಅತಿ ಇಲ್ಲದಿದ್ದರೆ ಒಂದು ಯೂನಿಟ್ಟಿಗೆ ಎರಡು ಮೂರು ಯೂನಿಟ್ಟಿನಷ್ಟು ಬಿಸಿ ಕೊಡುತ್ತದೆ, ಚಳಿ ಏರಿದ ಹಾಗೆ ಲಾಭ ಕಡಿಮೆಯಾಗುತ್ತದೆ. ಟೆಸ್ಲಾ ಇದನ್ನು 2020ರಲ್ಲಿ ಮಾಡೆಲ್ ವೈ ಜೊತೆ ತಂದಿತು, ನಿಸಾನ್ ಲೀಫ್‌ನಲ್ಲಿ ಅದಕ್ಕೂ ಮುಂಚೆಯೇ ಇತ್ತು. ಕರ್ನಾಟಕದಲ್ಲೇ ಓಡಿಸುವವರು ಹೀಟ್ ಪಂಪಿಗಾಗಿ ಜಾಸ್ತಿ ದುಡ್ಡು ಕೊಡಬೇಡಿ. ವರ್ಷದಲ್ಲಿ ಹನ್ನೊಂದು ತಿಂಗಳು ನಮಗೆ ಬೇಕಾಗಿರುವುದು ತಂಪು. ಕೆನಡಾ, ಸ್ವೀಡನ್ ಕಡೆ ಇರುವವರ ಲೆಕ್ಕ ಬೇರೆ, ಅಲ್ಲಿ ಇದು ರೇಂಜಿನ, ಅಂದರೆ ಒಂದು ಚಾರ್ಜಿಗೆ ಎಷ್ಟು ದೂರ ಓಡುತ್ತದೆ ಅನ್ನುವ ಪ್ರಶ್ನೆ.

ಮನೆಮದ್ದುಗಳು

ಒಳಗಿನ ಗಾಜಿಗೆ ಒಂದೆರಡು ಹನಿ ಶಾಂಪೂ ಹಚ್ಚಿ ಒಣಬಟ್ಟೆಯಿಂದ ಚೆನ್ನಾಗಿ ಉಜ್ಜಿದರೆ ಒಂದೆರಡು ದಿನ ಮಬ್ಬು ಕಡಿಮೆ. ನೀರು ಹನಿ ಹನಿಯಾಗಿ ನಿಲ್ಲದೆ ತೆಳ್ಳಗೆ ಹರಡುತ್ತದೆ, ಅದಕ್ಕೆ ಕಾಣುತ್ತದೆ. ಸರಿಯಾಗಿ ಉಜ್ಜದಿದ್ದರೆ ರಾತ್ರಿ ಲೈಟಿಗೆ ಗಾಜು ಹೊಳೆಯುತ್ತದೆ. ಹೊರಗಿನ ಗಾಜಿಗೆ ಹೊಗೆಸೊಪ್ಪು ಉಜ್ಜುವುದು, ಕತ್ತರಿಸಿದ ಆಲೂಗಡ್ಡೆ ಉಜ್ಜುವುದು ಲಾರಿ ಡ್ರೈವರುಗಳ ಹಳೇ ವಿದ್ಯೆ, ಆದರೆ ಅದು ಮಳೆ ಹನಿಗೆ, ಒಳಗಿನ ಮಬ್ಬಿಗಲ್ಲ. ಇವೆಲ್ಲಕ್ಕಿಂತ ಗಾಜನ್ನು ಒಳಗಡೆಯಿಂದ ತೊಳೆಯುವುದೇ ಮೇಲು. ಕೊಳೆ ಗಾಜಿಗೆ ಮಂಜು ಬೇಗ ಹಿಡಿಯುತ್ತದೆ.

ಎಲ್ಲ ಸರಿ ಹಾಕಿದರೂ ಮಬ್ಬು ಹೋಗದಿದ್ದರೆ

ನನ್ನ ಹಳೇ ಕಾರಿನಲ್ಲಿ ಒಂದು ವರ್ಷ ಮಬ್ಬು ವಿಚಿತ್ರವಾಗಿತ್ತು. ಒರೆಸಿದರೆ ಹೋಗುತ್ತಿರಲಿಲ್ಲ, ಎಣ್ಣೆ ಹಚ್ಚಿದ ಹಾಗೆ ಮೆತ್ತಿಕೊಳ್ಳುತ್ತಿತ್ತು. ಹೀಟರ್ ಹಾಕಿದಾಗ ಬೆಲ್ಲದ ಪಾಕದಂಥ ಸಿಹಿ ವಾಸನೆ. ಗ್ಯಾರೇಜಿನವರು ಎಸಿ ಸರ್ವಿಸ್ ಅಂತ ಎರಡು ಸಲ ದುಡ್ಡು ತೆಗೆದುಕೊಂಡರು. ಮೂರನೇ ಸಲ ಬೇರೆ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಮ್ಯಾಟ್ ಎತ್ತಿ, ಮುಂದಿನ ಎಡಗಡೆ ಸೀಟಿನ ಕಾಲಬುಡದ ಕಾರ್ಪೆಟ್ ಒತ್ತಿದರು. ಬೆರಳು ಮೂಸಿ "ಕೂಲೆಂಟ್ ಸಾರ್, ಹೀಟರ್ ಕೋರ್ ತೂತಾಗಿದೆ" ಅಂದರು. ಗಾಜಿನ ಮೇಲೆ ಕೂರುತ್ತಿದ್ದದ್ದು ನೀರಲ್ಲ, ಕೂಲೆಂಟಿನಲ್ಲಿರುವ ಗ್ಲೈಕಾಲ್. ಅದು ವಿಷ. ಜೊತೆಗೆ ಎಂಜಿನ್ನಿನ ಕೂಲೆಂಟ್ ದಿನಾ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತಿತ್ತು, ಇನ್ನೊಂದು ತಿಂಗಳು ಬಿಟ್ಟಿದ್ದರೆ ಎಂಜಿನ್ ಹೋಗುತ್ತಿತ್ತು. ಹೀಟರ್ ಕೋರ್ ಬದಲಾಯಿಸಲು ಬಹಳ ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು. ಅದಕ್ಕೆ ಕೆಲವರು ಎರಡು ಪೈಪುಗಳನ್ನು ಒಂದಕ್ಕೊಂದು ಸೇರಿಸಿ ಹೀಟರನ್ನೇ ಬಿಟ್ಟುಬಿಡುತ್ತಾರೆ. ಬಳ್ಳಾರಿಯಲ್ಲಿ ಓಡಿಸುವ ಕಾರಿಗೆ ಪರವಾಗಿಲ್ಲ, ಮಡಿಕೇರಿ ಕಾರಿಗೆ ಬೇಡ.

ಹೀಟರಿನಿಂದ ಬಿಸಿಯೇ ಬರುವುದಿಲ್ಲ ಅಂದರೆ ಒಂದು ಪ್ರಶ್ನೆ ಕೇಳಿ, ಎಂಜಿನ್ ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್ ವಾಲ್ ಅನ್ನು ಯಾರಾದರೂ ತೆಗೆದಿದ್ದಾರಾ? "ನಮ್ಮ ಬಿಸಿಲಿಗೆ ಅದು ಬೇಡ ಸಾರ್" ಅಂತ ಎಷ್ಟೋ ಗ್ಯಾರೇಜಿನಲ್ಲಿ ಕಿತ್ತು ಬಿಸಾಡುತ್ತಾರೆ. ಆಮೇಲೆ ಎಂಜಿನ್ ಸರಿಯಾದ ಬಿಸಿಗೆ ಬರುವುದೇ ಇಲ್ಲ, ಹೀಟರ್ ಉಗುರುಬೆಚ್ಚಗೆ, ಪೆಟ್ರೋಲ್ ಖರ್ಚು ಜಾಸ್ತಿ. ಡ್ಯಾಶ್‌ಬೋರ್ಡ್ ಹಿಂದೆ ಟಕ್ ಟಕ್ ಅಂತ ಸದ್ದು ಬಂದರೆ ಆ ಬಿಸಿ-ತಂಪಿನ ಬಾಗಿಲಿನ ಮೋಟರ್ ಹಲ್ಲು ಸವೆದಿರಬಹುದು. ಕಾರ್ಪೆಟ್ ಒದ್ದೆ, ಆದರೆ ಸಿಹಿ ವಾಸನೆ ಇಲ್ಲ ಅಂದರೆ ಎಸಿ ನೀರು ಇಳಿಯುವ ಪೈಪ್ ಕಟ್ಟಿಕೊಂಡಿರಬಹುದು. ಮರದ ಕೆಳಗೆ ಕಾರು ನಿಲ್ಲಿಸುವವರು ವೈಪರ್ ಬುಡದ ಎಲೆ, ಹೂವು ವಾರಕ್ಕೊಮ್ಮೆ ತೆಗೆಯಿರಿ.

ಇದೇ ಹೀಟರ್ ಒಂದು ಕಡೆ ಜೀವ ಉಳಿಸುತ್ತದೆ. ಘಾಟಿ ಹತ್ತುವಾಗ ಎಂಜಿನ್ ಬಿಸಿಯ ಮುಳ್ಳು ಮೇಲೆ ಹೋಗುತ್ತಿದ್ದರೆ ಎಸಿ ಆರಿಸಿ, ಹೀಟರ್ ಪೂರ್ತಿ ಕೆಂಪಿಗೆ, ಬ್ಲೋವರ್ ಪೂರ್ತಿ. ಎರಡನೇ ರೇಡಿಯೇಟರ್ ಸಿಕ್ಕಿದ ಹಾಗೆ. ಕಾರಿನೊಳಗೆ ಬೆಂದುಹೋಗುತ್ತೀರಿ, ಆದರೆ ಗಾಡಿ ನಿಲ್ಲಿಸಲು ಜಾಗ ಸಿಗುವ ತನಕ ಎಂಜಿನ್ ತಡೆಯುತ್ತದೆ.

ಹಿಮ ಬೀಳುವ ಊರಿನಲ್ಲಿರುವವರಿಗೆ

ಅಲ್ಲಿ ಚಿಕ್ಕಪ್ಪನ ಮಾತೇ ನಡೆಯುತ್ತದೆ. ಹೊರಗೆ ಸೊನ್ನೆ ಡಿಗ್ರಿ ಇದ್ದರೆ ಆ ಗಾಳಿಯಲ್ಲಿ ಇರುವುದು ಹೆಚ್ಚೆಂದರೆ 5 ಗ್ರಾಂ ನೀರು. ಅದನ್ನು ಸುಮ್ನೆ ಬಿಸಿ ಮಾಡಿದರೆ ಸಾಕು, ಒಣಗಾಳಿ ಸಿಕ್ಕಿತು. ಅಷ್ಟು ಚಳಿಯಲ್ಲಿ ಬಹುತೇಕ ಕಾರುಗಳ ಎಸಿ ಕಂಪ್ರೆಸರ್ ಓಡುವುದೂ ಇಲ್ಲ. ಆದರೆ ಹೀಟರ್ ಬಿಸಿಯಾಗಲು ಎಂಜಿನ್ ಬಿಸಿಯಾಗಬೇಕು, ಕೆನಡಾದ ಎಡ್ಮಂಟನ್, ವಿನ್ನಿಪೆಗ್ ಕಡೆ ರಾತ್ರಿ ಕಾರಿಗೆ ಪ್ಲಗ್ ಹಾಕಿ ಎಂಜಿನ್ ಬೆಚ್ಚಗಿಡುವುದು ಅದಕ್ಕೂ ಅನುಕೂಲ. ಜರ್ಮನಿಯಲ್ಲಿ ಗಾಜಿನ ಮೇಲಿನ ಮಂಜುಗಡ್ಡೆ ಕರಗಲಿ ಅಂತ ಎಂಜಿನ್ ಸುಮ್ನೆ ಓಡಿಸಿ ನಿಲ್ಲಿಸಿದರೆ ದಂಡ ಬೀಳಬಹುದು, ಅಲ್ಲಿ ಕೈಯಲ್ಲಿ ಹಿಡಿದು ಕೆರೆಯುವ ಪಟ್ಟಿಯೇ ಗತಿ. ಬಾಗಿಲು ಹಾಕಿದ ಗ್ಯಾರೇಜಿನೊಳಗೆ ಎಂಜಿನ್ ಓಡಿಸಿ ಬಿಸಿ ಮಾಡುವುದು ಎಲ್ಲೇ ಆದರೂ ಬೇಡ, ಹೊಗೆಯಲ್ಲಿ ಜೀವ ಹೋಗುತ್ತದೆ.

ಊರಿಂದ ಹೊಸದಾಗಿ ಹೋದವರು ಮಾಡುವ ಕೆಲಸ ಇನ್ನೊಂದಿದೆ. ಗಾಜಿನ ಮಂಜುಗಡ್ಡೆಗೆ ಚೊಂಬಿನಲ್ಲಿ ಬಿಸಿನೀರು ತಂದು ಸುರಿಯುವುದು. ಗಾಜು ಸೀಳುತ್ತದೆ. ಸೀಳದೆ ಉಳಿದರೂ ಆ ನೀರು ವೈಪರ್ ಬುಡಕ್ಕೆ ಇಳಿದು ಅಲ್ಲೇ ಮತ್ತೆ ಹೆಪ್ಪುಗಟ್ಟುತ್ತದೆ, ವೈಪರ್ ಗಾಜಿಗೆ ಅಂಟಿಕೊಳ್ಳುತ್ತದೆ. ವೈಪರ್ ಬುಡದ ಹಿಮವನ್ನು ಮೊದಲು ಗುಡಿಸಿ, ಇಲ್ಲದಿದ್ದರೆ ಬ್ಲೋವರ್ ಅದನ್ನೇ ಒಳಗೆಳೆದು ಗಾಜು ಮತ್ತೆ ಮಬ್ಬು. ಬೂಟಿನ ಹಿಮವನ್ನು ಕಾರು ಹತ್ತುವ ಮುಂಚೆ ಕೊಡವಿ. ಕರಗಿದರೆ ಅದೂ ಕೊಟ್ಟಿಗೆಹಾರದ ಒದ್ದೆ ಕೊಡೆಯೇ.